ಮೂರೂರಿನ ಹೋಟೆಲುಗಳು

ನಾವಿಬ್ಬರೂ ಮೊದಲು ಎದುರುಬದುರು ಕೂತು ತಿಂದದ್ದು ಸಾಗರದ ಒಂದು ಹೋಟೆಲಿನಲ್ಲಿ. ಒಂದು ಪ್ಲೇಟ್ ಬನ್ಸ್, ಒಂದು ಬೈಟು ಕಾಫಿ. ಹೆಗ್ಗೋಡಿನಲ್ಲಿ ನೀನಾಸಂ ಸಂಸ್ಕೃತಿ ಶಿಬಿರ ಮುಗಿಸಿ ಬಂದಿದ್ದೆವು. ಶಿಬಿರದಲ್ಲಿ ಅಷ್ಟೂ ದಿನ ಊಟದ ಸಾಲಿನಲ್ಲಿ ಹಿಂದೆಮುಂದೆ ನಿಂತು ಹರಟೆ ಹೊಡೆದಿದ್ದೆವು, ಆದರೆ ಅಲ್ಲಿ ಸುತ್ತಲೂ ಜನ. ಇಲ್ಲಿ ಇಬ್ಬರೇ. ಸಪ್ಲೈಯರ್ ನಮ್ಮನ್ನು ನೋಡಿದವನೇ, "ಫ್ಯಾಮಿಲಿ ರೂಮ್ ಖಾಲಿ ಇದೆ, ಒಳಗೆ ಕೂತ್ಕೊಳಿ" ಅಂದ.

ಫ್ಯಾಮಿಲಿ ರೂಮ್ ಅಂದರೆ ಒಂದು ಪ್ಲೈವುಡ್ ಗೋಡೆ ಮತ್ತು ಸಾಂಬಾರಿನ ಕಲೆಯಿರುವ ಒಂದು ಪರದೆ. ಪರದೆ ಎಳೆದುಕೊಂಡರೆ ಒಳಗೆ ಏನೋ ನಡೆಯುತ್ತಿದೆ ಅಂತಾಗುತ್ತದೆ. ತೆರೆದಿಟ್ಟರೆ ಯಾರಾದರೂ ನೋಡುತ್ತಾರೆ. ಸಾಗರ ನನ್ನ ಊರು. ಅಡಿಕೆ ಮಂಡಿಗೆ ಬರುವವರಲ್ಲಿ ಅರ್ಧ ಜನ ಅಪ್ಪಯ್ಯನಿಗೆ ಪರಿಚಯ. ಕೊನೆಗೆ ಪರದೆಯನ್ನು ಅರ್ಧಕ್ಕೆ ಎಳೆದು, ನಾಲ್ಕೇ ನಿಮಿಷದಲ್ಲಿ ಬನ್ಸ್ ನುಂಗಿ ಎದ್ದೆವು. ಕಾಫಿ ಬಾಯಿ ಸುಟ್ಟಿತ್ತು.

ನಾನು ಹವ್ಯಕರ ಮನೆಯವಳು, ಅವನು ತೀರ್ಥಹಳ್ಳಿ ಕಡೆಯ ಒಕ್ಕಲಿಗರ ಮನೆಯವನು. ಎರಡೂ ಮನೆಯ ಹಿಂದೆ ಅಡಿಕೆ ತೋಟ, ಎರಡೂ ತೋಟಕ್ಕೆ ಕೊಳೆರೋಗ, ಮಳೆಗಾಲದಲ್ಲಿ ಎರಡೂ ಕಡೆ ಅದೇ ಮೈಲುತುತ್ತದ ಔಷಧಿ. ಅಡಿಕೆ ರೇಟು ಇಳಿದರೆ ಎರಡೂ ಜಗಲಿಯ ಮೇಲೆ ಒಂದೇ ಮೌನ. ಅಡುಗೆಮನೆ ಮಾತ್ರ ಬೇರೆ. ಆ ಒಂದು ಕೋಣೆಗಾಗಿ ನಾವು ಐದು ವರ್ಷ ಹೋಟೆಲು ಸುತ್ತಿದೆವು.

ಸಾಗರವೂ ಬೇಡ, ತೀರ್ಥಹಳ್ಳಿಯೂ ಬೇಡ ಅಂತ ಆರಿಸಿಕೊಂಡದ್ದು ಹೊಸನಗರ. ಅಲ್ಲಿ ನನ್ನ ನೆಂಟರೂ ಇಲ್ಲ, ಅವನ ನೆಂಟರೂ ಇಲ್ಲ. ಶಂಕರಘಟ್ಟದ ಹಾಸ್ಟೆಲಿನಿಂದ ರಜೆಗೆ ಊರಿಗೆ ಬಂದಾಗಲೆಲ್ಲ ನಾನು ಈ ಕಡೆಯಿಂದ ಬಸ್ಸು ಹತ್ತುತ್ತಿದ್ದೆ, ಅವನು ಆ ಕಡೆಯಿಂದ. ಹೊಸನಗರದ ಮಳೆ ಗೊತ್ತಲ್ಲ, ಹಿಡಿದರೆ ಬಿಡುವುದಿಲ್ಲ. ಅಂಥ ಮಳೆಯಲ್ಲಿ ಯಾವ ಹೋಟೆಲಿನವರೂ ಗಿರಾಕಿಯನ್ನು ಎಬ್ಬಿಸುವುದಿಲ್ಲ. ಎರಡು ಇಡ್ಲಿಯನ್ನು ಒಂದು ಗಂಟೆ ತಿನ್ನುವ ವಿದ್ಯೆ ನಾನು ಕಲಿತದ್ದು ಅಲ್ಲಿ. ಸಂಶೋಧನಾ ಪ್ರಸ್ತಾವನೆಯ ಮೊದಲ ಕರಡನ್ನು ಅವನಿಗೆ ಓದಿ ಹೇಳಿದ್ದೂ ಅದೇ ಟೇಬಲಿನಲ್ಲಿ. ಒಂದು ದಿನ ಅವನ ಬಸ್ಸು ತಡವಾಗಿತ್ತು. ಸಪ್ಲೈಯರ್ ನೀರಿಟ್ಟು, "ಯಜಮಾನ್ರು ಬಂದಿಲ್ವಾ ಇನ್ನೂ?" ಅಂದ. ನಮ್ಮ ಮದುವೆಗೆ ಆಗ ಇನ್ನೂ ಎರಡು ವರ್ಷ ಬಾಕಿಯಿತ್ತು.

ತೀರ್ಥಹಳ್ಳಿಗೆ ಹೋದದ್ದು ಆಮೇಲೆ. ಬೆಳಿಗ್ಗೆ ಸಿಬ್ಬಲುಗುಡ್ಡೆಗೆ ಹೋಗಿದ್ದೆವು. ತುಂಗೆಯ ಆ ಮಡುವಿನಲ್ಲಿ ಮೀನು ಹಿಡಿಯುವಂತಿಲ್ಲ, ದೇವರ ಮೀನುಗಳು. ಅವನು ಮಂಡಕ್ಕಿ ಎರಚಿದ, ಅವು ಬಾಯ್ದೆರೆದು ಮೇಲೆ ಬಂದವು. ಮಧ್ಯಾಹ್ನ ಪೇಟೆಯಲ್ಲಿ ಊಟಕ್ಕೆ ಕೂತಾಗ ಅದೇ ಕೈಯಿಂದ ಹುರಿದ ಬಂಗುಡೆಗೆ ನಿಂಬೆಹಣ್ಣು ಹಿಂಡಿದ. "ಇದು ಸಮುದ್ರದ್ದು ಮಾರಾಯ್ತಿ, ಇದಕ್ಕೆ ದೇವರಿಲ್ಲ" ಅಂದ. ಇಬ್ಬರೂ ನಕ್ಕೆವು.

ನಗುತ್ತಲೇ ನಾನು ನನ್ನ ಮೊಸರನ್ನದ ತಟ್ಟೆಯನ್ನು ಎರಡಂಗುಲ ಈಚೆಗೆ ಎಳೆದುಕೊಂಡಿದ್ದೆ. ನನಗದು ಗೊತ್ತೇ ಆಗಿರಲಿಲ್ಲ. ಅವನು ನೋಡಿದ. ಏನೂ ಹೇಳಲಿಲ್ಲ. ಮೀನನ್ನು ಅರ್ಧಕ್ಕೇ ಬಿಟ್ಟು ಕೈ ತೊಳೆದು ಬಂದ.

ಬಸ್ಸಿನಲ್ಲಿ ವಾಪಸು ಬರುವಾಗ ಲೆಕ್ಕ ಹಾಕಿದೆ. ಮೂರು ವರ್ಷದಲ್ಲಿ ನಾವು ಒಟ್ಟಿಗೆ ಹೋದ ಹೋಟೆಲುಗಳೆಲ್ಲ ನನ್ನ ಊಟದ ಹೋಟೆಲುಗಳು. ಇಡ್ಲಿ, ನೀರುದೋಸೆ, ಮೊಸರವಲಕ್ಕಿ. ಅವನು ಒಂದು ದಿನವೂ ಮೆನು ಬದಲಿಸಲು ಕೇಳಿರಲಿಲ್ಲ, ನಾನೂ ಗಮನಿಸಿರಲಿಲ್ಲ. ಜಾತಿ ಅನ್ನುವುದು ಅಪ್ಪಯ್ಯ, ಅಮ್ಮ, ಸೋದರಮಾವಂದಿರ ಸಮಸ್ಯೆ ಎಂದೇ ತಿಳಿದಿದ್ದೆ. ಅದು ನನ್ನ ಬಲಗೈಯ ಎರಡು ಬೆರಳಿನಲ್ಲೂ ಇತ್ತು.

ನನ್ನ ಸಂಶೋಧನೆ ಮಲೆನಾಡಿನ ಕಾದಂಬರಿಗಳಲ್ಲಿ ಬರುವ ಊಟದ ಬಗ್ಗೆ. ಹಾಗಾಗಿ ಇದನ್ನೆಲ್ಲ ಓದದೆ ಬದುಕಿದವಳಲ್ಲ. ಬ್ರಾಹ್ಮಣರಿಗೆ ಬೇರೆ ಪಂಕ್ತಿ ಹಾಕುತ್ತಿದ್ದ ಹೋಟೆಲುಗಳು ಒಂದು ಕಾಲಕ್ಕೆ ನಮ್ಮಲ್ಲಿದ್ದವು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲುಗಳನ್ನು ಹೆಸರಿಸಿಯೇ ಹೇಳುತ್ತದೆ: ಜಾತಿಯ ಕಾರಣಕ್ಕೆ ಅಲ್ಲಿ ಯಾರನ್ನೂ ತಡೆಯುವಂತಿಲ್ಲ. ಒಂದು ದೇಶದ ಸಂವಿಧಾನವೇ ಹೋಟೆಲಿನ ಬಾಗಿಲ ಬಗ್ಗೆ ಬರೆಯಬೇಕಾಯಿತು ಅಂದರೆ ಆ ಬಾಗಿಲು ಎಷ್ಟು ಭಾರವಿದ್ದಿರಬೇಕು. ಅದಕ್ಕೂ ಮುಂಚೆ, 1936ರ 'ಜಾತಿ ವಿನಾಶ'ದಲ್ಲಿ ಅಂಬೇಡ್ಕರ್ ಇನ್ನೊಂದು ಮಾತು ಹೇಳಿದ್ದರು. ಸಹಭೋಜನದಿಂದ ಜಾತಿ ಹೋಗುವುದಿಲ್ಲ, ಅದಕ್ಕೆ ನಿಜವಾದ ಮದ್ದು ಅಂತರ್ಜಾತಿ ಮದುವೆ ಎಂದು. ಅದನ್ನು ಓದಿದಾಗ ನಾನು ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಸರಿ ಗುರುತು ಹಾಕಿದ್ದೆ. ಸರಿ ಗುರುತು ಹಾಕುವುದು ಸುಲಭ.

ಮದುವೆ ಮಂತ್ರಮಾಂಗಲ್ಯದ ರೀತಿಯಲ್ಲಾಯಿತು. ಕುವೆಂಪು 1966ರಲ್ಲಿ ಮಗ ತೇಜಸ್ವಿಯವರ ಮದುವೆ ಮಾಡಿದ ರೀತಿ ಅದು. ಅಮ್ಮ ಬರಲಿಲ್ಲ. ಅಪ್ಪಯ್ಯ ಬಂದ, ಹಿಂದಿನ ಸಾಲಿನಲ್ಲಿ ಕೂತ. ಊಟಕ್ಕೆ ಎಲೆ ಹಾಕುವಷ್ಟರಲ್ಲಿ "ತೋಟಕ್ಕೆ ಔಷಧಿ ಹೊಡೆಯೋರು ಬರ್ತಾರೆ" ಎಂದು ಎದ್ದು ಹೋದ. ಜೂನ್ ತಿಂಗಳು, ನೆಪ ಹೊಂದುವಂಥದ್ದೇ.

ಕಳೆದ ವರ್ಷ ಒಂದು ದಿನ ಅಪ್ಪಯ್ಯನ ಫೋನು. "ಹೊಸನಗರದಲ್ಲಿ ಕೆಲಸ ಇದ್ದು ಕೂಸೇ. ಹೋಟ್ಲಲ್ಲಿ ಸಿಗಲಕ್ಕು." ಮನೆಗೆ ಬಾ ಅಂತ ನಾನು ಕರೆಯಲಿಲ್ಲ, ಕರೆದರೆ ಬರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ನಮ್ಮ ಹಳೆಯ ಹೋಟೆಲನ್ನೇ ಹೇಳಿದೆ. ಮೂವರೂ ಕೂತೆವು. ಅಪ್ಪಯ್ಯ ಮಸಾಲೆದೋಸೆ ತರಿಸಿ ಪೂರ್ತಿ ತಿಂದ, ಚಟ್ನಿ ಎರಡನೇ ಸಲ ಹಾಕಿಸಿಕೊಂಡ. ಅಳಿಯನ ಹತ್ತಿರ ಮಾತಾಡಿದ್ದು ಬರೀ ಎಲೆಚುಕ್ಕಿ ರೋಗದ ಬಗ್ಗೆ. ಆದರೆ ಮುಕ್ಕಾಲು ಗಂಟೆ ಮಾತಾಡಿದ.

ನನ್ನ ಹತ್ತಿರ ಒಂದು ಪ್ರಶ್ನೆ ವರ್ಷಗಳಿಂದ ಸಿದ್ಧವಿತ್ತು: 'ಈ ದೋಸೆ ಹೊಯ್ದವನ ಜಾತಿ ಕೇಳಿದ್ಯಾ ಅಪ್ಪಯ್ಯ? ಹೋಟೆಲಲ್ಲಿ ಆಗುತ್ತದೆ, ಮಗಳ ಮನೆಯಲ್ಲಿ ಯಾಕೆ ಆಗುವುದಿಲ್ಲ?' ಅವತ್ತು ಕೇಳಬಹುದಿತ್ತು. ಕೇಳಲಿಲ್ಲ. ಉತ್ತರ ಹೊಳೆದುಬಿಟ್ಟಿತ್ತು. ಹೋಟೆಲಿನಲ್ಲಿ ತಿಂದದ್ದು ಬಿಲ್ಲು ಕೊಟ್ಟಲ್ಲಿಗೆ ಮುಗಿಯುತ್ತದೆ. ಮನೆಯಲ್ಲಿ ಉಂಡರೆ ಋಣ. ಅಪ್ಪಯ್ಯ ಹೆದರಿದ್ದು ಅನ್ನಕ್ಕಲ್ಲ, ಋಣಕ್ಕೆ. ಅದಕ್ಕೇ ಇರಬೇಕು, ಬಿಲ್ಲು ಬಂದಾಗ ಇವನು ಕೈ ಚಾಚಿದರೂ ಬಿಡದೆ ತಾನೇ ಕೊಟ್ಟ.

ಏಳುವಾಗ ಚೀಲದಿಂದ ಒಂದು ಬಾಟ್ಲಿ ತೆಗೆದು ಟೇಬಲಿನ ಮೇಲಿಟ್ಟ. ಅಪ್ಪೆಮಿಡಿ ಉಪ್ಪಿನಕಾಯಿ. "ಅಮ್ಮ ಕೊಟ್ಟಿದ್ದು" ಅಂದ. ಅಮ್ಮ ಬಾರದ ಮನೆಗೆ ಅಮ್ಮನ ಉಪ್ಪಿನಕಾಯಿ ಬಂತು. ಕೊಡಬಹುದು, ತೆಗೆದುಕೊಳ್ಳುವಂತಿಲ್ಲ ಎನ್ನುವುದೂ ಆ ಹಳೆಯ ನಿಯಮದ್ದೇ ಭಾಗ ಎಂದು ನನ್ನ ಓದು ಹೇಳಿತು. ನಾನು ಓದನ್ನು ಬದಿಗಿಟ್ಟು ಬಾಟ್ಲಿ ತಗೊಂಡೆ.

ಉಪ್ಪಿನಕಾಯಿ ಖಾಲಿಯಾದಾಗ ಅತ್ತೆ ಬಾಟ್ಲಿ ತೊಳೆದು ಬಿಸಿಲಿಗಿಟ್ಟರು. "ಖಾಲಿ ಬಾಟ್ಲಿ ಕಳಿಸ್ತಾರನೇ?" ಎನ್ನುತ್ತ ಅದರ ತುಂಬ ಜೋನಿಬೆಲ್ಲ ತುಂಬಿದರು. ಅವರ ತಮ್ಮನ ಆಲೆಮನೆಯದ್ದು. ಮುಂದಿನ ತಿಂಗಳು ಅದೇ ಹೋಟೆಲಿನಲ್ಲಿ ಅದನ್ನು ಅಪ್ಪಯ್ಯನ ಮುಂದಿಟ್ಟೆವು. ಅಪ್ಪಯ್ಯ ಸ್ವಲ್ಪ ಹೊತ್ತು ಬಾಟ್ಲಿಯನ್ನೇ ನೋಡಿದ. ಕಾಫಿ ಆರುತ್ತಿತ್ತು. ಆಮೇಲೆ ಮುಚ್ಚಳ ಗಟ್ಟಿಯಿದೆಯಾ ನೋಡಿ, ಪೇಪರು ಸುತ್ತಿ ಚೀಲಕ್ಕೆ ಹಾಕಿಕೊಂಡ.

ಎಂಟು ದಿನ ಫೋನಿಲ್ಲ. ದನಕ್ಕೆ ಕಲಸಿ ಕೊಟ್ಟಿರಬಹುದು ಅಂದುಕೊಂಡೆ. ಒಂಬತ್ತನೇ ದಿನ ಅಡಿಕೆ ರೇಟು, ಮಳೆ, ಮಂಗನ ಕಾಟ ಎಲ್ಲ ಹೇಳಿ ಮುಗಿಸಿ ಫೋನಿಡುವ ಮುಂಚೆ ಅಂದ: "ಬೆಲ್ಲ ಚೊಲೋ ಇದ್ದಡ. ದೋಸೆಗೆ."

ಹವ್ಯಕ ಮಾತಿನಲ್ಲಿ 'ಇದ್ದಡ' ಅಂದರೆ ಇದೆಯಂತೆ. ಬೇರೆಯವರು ಹೇಳಿದ ಸುದ್ದಿ. ಹಿಂದೆ ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ಕೇಳುತ್ತಿತ್ತು. ಯಾರು ಹೇಳಿದ್ದು ಎಂದು ನಾನು ಕೇಳಲಿಲ್ಲ.