ರೀಡ್ ಕಚ್ಚಿದವನ ರುಚಿ

ಅಡಿಕೆ ತೋಟದ ಊರಿನಲ್ಲಿ ಹುಟ್ಟಿ ಎಲೆಯಡಿಕೆ ಹಾಕದವನನ್ನು ಕೆದಂಬಾಡಿಯಲ್ಲಿ ಸ್ವಲ್ಪ ಅನುಮಾನದಿಂದಲೇ ನೋಡುತ್ತಾರೆ. ಮದುವೆ ಮನೆಯಲ್ಲಿ ಹರಿವಾಣ ಎದುರಿಗೆ ಬಂದರೆ ಕೈಮುಗಿಯುತ್ತೇನೆ. "ಎಂತ ಮಾರಾಯ, ವ್ರತ ಉಂಟಾ?" ವ್ರತವಿಲ್ಲ, ಸ್ಯಾಕ್ಸೋಫೋನ್ ಉಂಟು. ಅಡಿಕೆಯ ಒಂದು ಚೂರು ಹಲ್ಲಿನ ಸಂದಿಯಿಂದ ಜಾರಿ ರೀಡಿನ ಅಡಿ ಸೇರಿತೋ, ಹಿಡಿದ ಷಡ್ಜ ಕೀಚಲಾಗಿ ಹೊರಡುತ್ತದೆ.

ವಾದ್ಯದ ಜಾತಿ ತೀರ್ಮಾನಿಸಿದ್ದೂ ಈ ರೀಡೇ. ಮೈಯೆಲ್ಲ ಹಿತ್ತಾಳೆಯಾದರೂ ಬಾಯಲ್ಲಿ ಕಂಪಿಸುವುದು ದಂಟಿನ ಒಂದು ಸೀಳು. ಹಾಗಾಗಿ ಪಾಶ್ಚಾತ್ಯರು ಅದನ್ನು ಕ್ಲಾರಿನೆಟ್ಟಿನ ಜೊತೆ ಮರದ ವಾದ್ಯಗಳ ಸಾಲಿನಲ್ಲಿ ಕೂರಿಸಿದ್ದಾರೆ. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪ್ಯಾರಿಸ್‌ನಲ್ಲಿ ಇದರ ಪೇಟೆಂಟ್ ಪಡೆದ. ಸೇನೆಯ ಬ್ಯಾಂಡುಗಳು ಬರಮಾಡಿಕೊಂಡವು. ಸಿಂಫನಿ ಆರ್ಕೆಸ್ಟ್ರಾ ಮಾತ್ರ ಇವತ್ತಿಗೂ ಕಾಯಂ ಕುರ್ಚಿ ಕೊಟ್ಟಿಲ್ಲ. ರಾವೆಲ್‌ನ 1928ರ 'ಬೊಲೆರೊ'ದಂಥದ್ದಕ್ಕೆ ಕರೆ ಬರುತ್ತದೆ, ನುಡಿಸಿ ಎದ್ದು ಬರಬೇಕು. ನಮಗೆ ಒಂದು ರಾತ್ರಿಯ ಕೋಲಕ್ಕೆ ಹೇಳಿಕೆ ಬಂದ ಹಾಗೆ.

ಇಲ್ಲಿ ಕುರ್ಚಿ ಕೊಡಿಸಿದವರು ಕದ್ರಿ ಗೋಪಾಲನಾಥರು. ಬಂಟ್ವಾಳ ತಾಲೂಕಿನ ಸಜಿಪದವರು, ತಂದೆ ತನಿಯಪ್ಪನವರು ನಾಗಸ್ವರ ವಾದಕರು. ಹುಡುಗನಾಗಿದ್ದಾಗ ಮೈಸೂರು ಅರಮನೆ ಬ್ಯಾಂಡಿನಲ್ಲಿ ಈ ವಾದ್ಯ ಕೇಳಿ ಮರುಳಾದರು. ಮಂಗಳೂರಿನ ಕಲಾನಿಕೇತನದ ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ ಕಲಿತರು. ಕೀಲಿಯ ವಾದ್ಯ ಒತ್ತಿದಲ್ಲಿಗೆ ಒಂದು ಸ್ವರ ಕೊಟ್ಟು ಸುಮ್ಮನಾಗುತ್ತದೆ. ನಮ್ಮ ಸಂಗೀತವೋ ಎರಡು ಸ್ವರಗಳ ನಡುವಿನ ಜಾರಿನಲ್ಲಿದೆ. ಅವರು ವಾದ್ಯವನ್ನು ತಮಗೆ ಬೇಕಾದಂತೆ ತಿದ್ದಿಕೊಂಡು, ತುಟಿ ಉಸಿರುಗಳನ್ನು ದುಡಿಸಿ, ಗಮಕ ಹೊರಡಿಸಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಬಿಬಿಸಿ ಪ್ರಾಮ್ಸ್‌ಗೂ ನುಡಿಸಿದರು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು, ಇಲ್ಲಿನ ಉತ್ಸವಗಳ ವಾದ್ಯ ಸುತ್ತಿನಲ್ಲಿ ಸ್ಯಾಕ್ಸೋಫೋನ್ ಕೇಳಿದರೆ ಯಾರೂ ತಿರುಗಿ ನೋಡದಿರುವುದು.

ನನ್ನ ಅಜ್ಜ ಒಬ್ಬರು ನೋಡಿದ್ದರು. ಅವರು ನಾಗಸ್ವರದವರು. ಪೆಟ್ಟಿಗೆ ಬಿಚ್ಚಿದಾಗ ಕನ್ನಡಕ ಸರಿಮಾಡಿಕೊಂಡು, "ಇದಕ್ಕೆ ಇಷ್ಟು ಬಟನ್ ಯಾಕೆ ಮಗಾ? ನಮ್ಮದು ಏಳು ತೂತಿನಲ್ಲಿ ಆಗ್ತದಲ್ಲ" ಎಂದರು. ಉತ್ತರ ಇನ್ನೂ ಹುಡುಕುತ್ತಿದ್ದೇನೆ.

ನನಗೆ ಇಷ್ಟ ತೋಡಿ, ಅದೂ ಅವಸರವಿಲ್ಲದ ತೋಡಿ. ಮದುವೆಯಲ್ಲಿ ಅದು ನಡೆಯುವ ಮಾತಲ್ಲ. ಮೆಲ್ಲಗೆ ಎತ್ತಿಕೊಂಡು ಧೈವತದ ಹತ್ತಿರ ಬಂದಿರುತ್ತೇನೆ, ಪುರೋಹಿತರ ಕೈ ಮೇಲೇಳುತ್ತದೆ: ಗಟ್ಟಿಮೇಳ! ತೋಡಿಯನ್ನು ಅಲ್ಲಿಯೇ ಬಿಟ್ಟು ಡೋಲಿನವನ ಹಿಂದೆ ಓಡಬೇಕು. ಊಟವೂ ಕೊನೆಯ ಪಂಕ್ತಿಯಲ್ಲಿ. ಹೊಟ್ಟೆ ತುಂಬಿದರೆ ಉಸಿರು ನಿಲ್ಲುವುದಿಲ್ಲ, ಖಾರ ತಿಂದರೆ ತುಟಿ ಕೇಳುವುದಿಲ್ಲ.

ಇದೆಲ್ಲ ಪತ್ತನಾಜೆಯವರೆಗೆ. ಬೇಶ ತಿಂಗಳ ಹತ್ತು ಕಳೆಯಿತೆಂದರೆ ಕೋಲವಿಲ್ಲ, ಉತ್ಸವವಿಲ್ಲ. ಆಟಿಯಲ್ಲಿ ಮದುವೆಯೂ ಇಲ್ಲ. ಸಂಪಾದನೆ ನಿಂತು ಬಾಯಿಗೆ ಸ್ವಾತಂತ್ರ್ಯ ಬರುತ್ತದೆ: ಬಂಗುಡೆ ಪುಳಿಮುಂಚಿ, ಕುಚ್ಚಲಕ್ಕಿ ಗಂಜಿ. ವಾದ್ಯಕ್ಕೆ ಮಾತ್ರ ಮಳೆಗಾಲವೇ ಕಷ್ಟಕಾಲ. ತಂಪಿಗೆ ಚರ್ಮದ ಪ್ಯಾಡುಗಳು ತೂತಿಗೆ ಅಂಟಿಕೊಳ್ಳುತ್ತವೆ. ತೆಳು ಕಾಗದದ ಚೂರು ತೂರಿಸಿ, ಕೀಲಿ ಒತ್ತಿ, ತೇವ ಹೀರಿಸಿ ಬಿಡಿಸಬೇಕು. ಒಂದು ಬಿಟ್ಟಿತು ಎನ್ನುವಾಗ ಇನ್ನೊಂದು ಹಿಡಿಯುತ್ತದೆ.

ಆಮೇಲೆ ಜಗಲಿಯಲ್ಲಿ ತೋಡಿ. ಕೈ ಎತ್ತುವ ಪುರೋಹಿತರಿಲ್ಲ. ಪಕ್ಕದ ಮನೆಯ ಅಕ್ಕ ಮಾತ್ರ ಬೇಲಿಯಾಚೆಯಿಂದ, "ಒಂದು ಸಿನಿಮಾ ಪದ್ಯ ಬಾರಿಸುವುದಿಲ್ಲವಾ?" ಎನ್ನುತ್ತಾರೆ. ಬಾರಿಸುತ್ತೇನೆ. ಅವರ ಚಪ್ಪರದ ಬಸಳೆ ನಮ್ಮ ಸಾರಿಗೆ ಬರಬೇಕಲ್ಲ.