ರೆಕ್ಕೆ ಮೇಲೆ ಹಿಮ ಕಂಡವರು ಸುಮ್ಮನಿದ್ದರು

ನನ್ನ ಚಿಕ್ಕಪ್ಪನ ಮಗ ಕೆನಡಾದ ಟೊರಾಂಟೊ ವಿಮಾನ ನಿಲ್ದಾಣದಲ್ಲಿ ಕೆಲಸಕ್ಕಿದ್ದಾನೆ. ಏನು ಕೆಲಸ ಅಂತ ಊರಲ್ಲಿ ಯಾರಾದರೂ ಕೇಳಿದರೆ ಚಿಕ್ಕಮ್ಮ "ವಿಮಾನ ತೊಳೀತಾನೆ" ಅಂತಾರೆ. ಕೇಳಿದವರು ನಗುತ್ತಾರೆ. ನಾನೂ ನಕ್ಕಿದ್ದೆ.

ಕಳೆದ ಜನವರಿಯಲ್ಲಿ ಶಿಫ್ಟ್ ಮುಗಿಸಿ ವಿಡಿಯೊ ಕಾಲ್ ಮಾಡಿದ. ನಮಗೆ ಮಧ್ಯಾಹ್ನ 4:30, ಅಲ್ಲಿ ಬೆಳಗಿನ 6 ಗಂಟೆ, ಮೈನಸ್ 18 ಡಿಗ್ರಿ. ಅವತ್ತು ಅವನ ಕೆಲಸದ ಬಗ್ಗೆ ಮೊದಲ ಸಲ ಸರಿಯಾಗಿ ಕೇಳಿದೆ.

ಅವನು ತೊಳೆಯುವುದು ಕೊಳೆಯನ್ನಲ್ಲ, ಹಿಮವನ್ನು. ರೆಕ್ಕೆ ನುಣುಪಾಗಿದ್ದರೆ ಮಾತ್ರ ಗಾಳಿ ಅದರ ಮೇಲೆ ಸರಿಯಾಗಿ ಹರಿದು ವಿಮಾನವನ್ನು ಎತ್ತುತ್ತದೆ. ಬಡಗಿ ಬಳಸುವ ಒರಟು ಉಪ್ಪುಕಾಗದದಷ್ಟು ಹಿಮ ಅಂಟಿದ್ದರೂ ಎತ್ತುವ ಶಕ್ತಿ ಶೇ 30ರವರೆಗೆ ಇಳಿಯಬಹುದು, ಹಿಂದಕ್ಕೆಳೆಯುವ ಗಾಳಿಯ ಒತ್ತಡ ಶೇ 40ರವರೆಗೆ ಏರಬಹುದು. ಎಂಜಿನ್ ಸರಿಯಿದ್ದರೂ ವಿಮಾನ ಮೇಲೇಳುವುದಿಲ್ಲ.

ಬೀದಿದೀಪ ರಿಪೇರಿಗೆ ಬರುತ್ತದಲ್ಲ, ತೊಟ್ಟಿಲಿನ ಲಾರಿ, ಅಂಥದ್ದರಲ್ಲಿ ನಿಂತು ಮೊದಲು ಗ್ಲೈಕಾಲ್ ಬೆರೆಸಿದ ಬಿಸಿ ದ್ರವ ಹೊಡೆಯುತ್ತಾರೆ. ಅದು ಕಿತ್ತಳೆ ಬಣ್ಣದ್ದು, ಇರುವ ಹಿಮ ಕರಗಿಸುತ್ತದೆ. ಆಮೇಲೆ ಗಂಜಿಯಂತೆ ಮಂದವಾದ ಹಸಿರು ದ್ರವ. ಅದು ಹೊಸ ಹಿಮ ಅಂಟದಂತೆ ತಡೆಯುತ್ತದೆ. ಆದರೆ ಅದಕ್ಕೂ ಅವಧಿ ಇದೆ. ಹಿಮ ಜೋರಾಗಿದ್ದರೆ ಕೆಲವೇ ನಿಮಿಷ. ಸಮಯ ಮೀರಿದರೆ ಮತ್ತೆ ಬಂದು ಹೊಡೆಸಿಕೊಳ್ಳಬೇಕು. ಕೆಲವು ಮಂಜುಗಡ್ಡೆ ಗಾಜಿನಂತೆ ತಿಳಿಯಾಗಿದ್ದು ಕಣ್ಣಿಗೆ ಕಾಣುವುದೇ ಇಲ್ಲ. ಅದಕ್ಕೆ ಕೈಯಿಂದ ಮುಟ್ಟಿ ನೋಡುತ್ತಾರೆ.

"ಇಷ್ಟೆಲ್ಲ ಯಾಕೋ?" ಅಂದೆ. ಅವನು ಡ್ರೈಡನ್ ಕಥೆ ಹೇಳಿದ. ಆಮೇಲೆ ನಾನೂ ಹುಡುಕಿ ಓದಿದೆ.

1989ರ ಮಾರ್ಚ್ 10. ಏರ್ ಒಂಟಾರಿಯೊದ ಫೋಕರ್ ಎಫ್-28 ವಿಮಾನ ಇಂಧನ ತುಂಬಿಸಲು ಕೆನಡಾದ ಡ್ರೈಡನ್ ಎಂಬ ಸಣ್ಣ ಊರಲ್ಲಿ ಇಳಿಯಿತು. ಎಂಜಿನ್ ಮತ್ತೆ ಚಾಲೂ ಮಾಡಲು ಬೇಕಾದ ವಿಮಾನದೊಳಗಿನ ಉಪಕರಣ ಕೆಟ್ಟಿತ್ತು. ಆ ಊರಲ್ಲಿ ಬದಲಿ ವ್ಯವಸ್ಥೆಯೂ ಇರಲಿಲ್ಲ. ಹಾಗಾಗಿ ಎಂಜಿನ್ ಆಫ್ ಮಾಡುವಂತಿಲ್ಲ. ಎಂಜಿನ್ ಓಡುವಾಗ ದ್ರವ ಹೊಡೆಯಲು ಕಂಪನಿಯ ನಿಯಮ ಬಿಡುತ್ತಿರಲಿಲ್ಲ. ಅಷ್ಟರಲ್ಲಿ ಹಿಮ ಬೀಳುತ್ತಿತ್ತು. ಒಂದು ಪುಟ್ಟ ವಿಮಾನ ಇಳಿಯಲಿ ಎಂದು ಇನ್ನಷ್ಟು ಕಾದರು. ಕೊನೆಗೆ ಹಾಗೇ ಹೊರಟರು. ರನ್‌ವೇ ದಾಟಿ ಒಂದು ಕಿಲೋಮೀಟರ್ ಹೋಗುವುದರೊಳಗೆ ವಿಮಾನ ಕಾಡಿಗೆ ಬಿತ್ತು. ಇದ್ದ 69 ಜನರಲ್ಲಿ 24 ಮಂದಿ ಸತ್ತರು. ಇಬ್ಬರು ಪೈಲಟ್‌ಗಳೂ ಉಳಿಯಲಿಲ್ಲ.

ರೆಕ್ಕೆ ಮೇಲಿನ ಹಿಮವನ್ನು ಒಳಗಿದ್ದವರು ನೋಡಿದ್ದರು. ಬದುಕುಳಿದ ಗಗನಸಖಿ ನೋಡಿದ್ದರು. ಪ್ರಯಾಣಿಕರಾಗಿ ಕುಳಿತಿದ್ದ ಇಬ್ಬರು ವಿಮಾನ ಪೈಲಟ್‌ಗಳೂ ನೋಡಿದ್ದರು. ಕ್ಯಾಪ್ಟನ್‌ಗೆ ಯಾರೂ ಹೇಳಲಿಲ್ಲ. ಅವರಿಗೆ ಗೊತ್ತೇ ಇರುತ್ತದೆ, ನಾವು ಹೇಳುವುದು ಸರಿಯಲ್ಲ ಎಂಬ ಸಂಕೋಚ. ತನಿಖೆ ಮಾಡಿದ ನ್ಯಾಯಮೂರ್ತಿ ವರ್ಜಿಲ್ ಮೊಶಾನ್ಸ್ಕಿ ತಪ್ಪನ್ನು ಕ್ಯಾಪ್ಟನ್ ಒಬ್ಬರ ತಲೆಗೆ ಕಟ್ಟಲಿಲ್ಲ. ಕಂಪನಿ, ಸರ್ಕಾರ ಎಲ್ಲರ ಲೋಪವನ್ನೂ ಬರೆದು 191 ಶಿಫಾರಸು ಮಾಡಿದರು.

"ನಾನು ಕೈ ಎತ್ತಿದರೆ ವಿಮಾನ ನಿಲ್ಲಬೇಕು, ಅಣ್ಣ. ಎಷ್ಟು ದೊಡ್ಡ ಪೈಲಟ್ ಆದ್ರೂ ಅಷ್ಟೇ" ಅಂದ ತಮ್ಮ.

ನನಗೆ ನನ್ನದೇ ಒಂದು ಘಟನೆ ನೆನಪಾಯಿತು. ಎರಡು ಮಳೆಗಾಲದ ಹಿಂದೆ ವರದಿಗೆ ಹೋಗುವಾಗ ಒಂದು ಕಿರುಸೇತುವೆಯ ಅಂಚು ಕುಸಿದಿದ್ದು ಕಂಡಿದ್ದೆ. ಎಂಜಿನಿಯರ್‌ಗೆ ಗೊತ್ತಿರುತ್ತೆ ಅಂದುಕೊಂಡು ಮುಂದೆ ಹೋದೆ. ಫೋಟೊ ಕೂಡ ತೆಗೆಯಲಿಲ್ಲ. ಆ ರಾತ್ರಿ ಬೈಕ್ ಸವಾರನೊಬ್ಬ ಬಿದ್ದು ಕಾಲು ಮುರಿದುಕೊಂಡ. ಮರುದಿನ ಅದನ್ನೇ ನಾನು ಸುದ್ದಿ ಮಾಡಿ ಕಳಿಸಿದೆ. ಆ ಸುದ್ದಿ ಅಚ್ಚಾದಾಗ ಖುಷಿಯಾಗಲಿಲ್ಲ.

ಹೋದ ವಾರ ನಮ್ಮೂರ ಶಾಲೆ ಹತ್ತಿರ ಕರೆಂಟ್ ತಂತಿ ಜೋತುಬಿದ್ದಿತ್ತು. ಲೈನ್‌ಮ್ಯಾನ್‌ಗೆ ಫೋನ್ ಮಾಡಿದೆ. "ಗೊತ್ತು ಸಾರ್, ಆಗಲೇ ಮೂರು ಜನ ಹೇಳಿದಾರೆ, ಹೊರಟಿದೀನಿ" ಅಂದ. ನಾನು ನಾಲ್ಕನೆಯವನು. ನನಗೇನೂ ಬೇಜಾರಾಗಲಿಲ್ಲ.