ಸಪ್ಲಿಮೆಂಟರಿ ಇಲ್ಲದ ಪರೀಕ್ಷೆ

2019ರ ಸೆಪ್ಟೆಂಬರ್ 22, ಭಾನುವಾರ. ಪಿತೃಪಕ್ಷದ ಊಟಕ್ಕೆ ಅಕ್ಕನ ಮನೆಯಲ್ಲಿ ಎಲ್ಲರೂ ಸೇರಿದ್ದೆವು. ವಡೆ, ಪಾಯಸ ಮುಗಿದ ಮೇಲೂ ಯಾರೂ ಹೊರಟಿರಲಿಲ್ಲ. ಅಕ್ಕನ ಮಗ, ಆಗ ಹದಿನೈದು ವರ್ಷದ ನನ್ನ ಅಳಿಯ, ಮಾತ್ರ ಫೋನ್ ಹಿಡ್ಕೊಂಡು ಮೂಲೆ ಸೇರಿದ್ದ.

"ಏನೋ ಅದು?" ಅಂದೆ.

"ತಾಷ್ಕೆಂಟ್ ಮಾಮ. ನಮ್ಮ ಅಂಡರ್-16 ಹುಡುಗರ ಮ್ಯಾಚು."

ತಾಷ್ಕೆಂಟ್ ಅಂದ್ರೆ ನಮ್ಮ ಮನೆಯಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ನೆನಪಾಗ್ತಾರೆಯೇ ಹೊರತು ಫುಟ್‌ಬಾಲ್ ಅಲ್ಲ. ಅಳಿಯನೇ ಪಾಠ ಮಾಡಿದ. ಅದು ಏಷ್ಯಾದ ಅಂಡರ್-16 ಚಾಂಪಿಯನ್‌ಶಿಪ್‌ನ ಅರ್ಹತಾ ಸುತ್ತು. ಒಟ್ಟು 11 ಗುಂಪು. ನಮ್ಮ ಗುಂಪಿನಲ್ಲಿ ಆತಿಥೇಯ ಉಜ್ಬೇಕಿಸ್ತಾನ, ಬಹ್ರೇನ್, ತುರ್ಕ್‌ಮೆನಿಸ್ತಾನ. ಒಂದೇ ಊರು, ಐದು ದಿನ, ಮೂರು ಪಂದ್ಯ. ಮೊದಲ ಸ್ಥಾನ ಬಂದರೆ ನೇರ ಪ್ರವೇಶ. ಎರಡನೆಯದಾದರೆ ಉಳಿದ ಗುಂಪುಗಳ ಎರಡನೆಯವರ ಜೊತೆ ತೂಕಕ್ಕೆ ನಿಲ್ಲಬೇಕು.

ತುರ್ಕ್‌ಮೆನಿಸ್ತಾನದ ಮೇಲೆ 5-0, ಬಹ್ರೇನ್ ಮೇಲೂ 5-0 ಆಗಿತ್ತು. "ನಾಲ್ಕು ಗೋಲು ಆದ್ಮೇಲೂ ಯಾಕೋ ಅಷ್ಟು ಓಡ್ತಾರೆ? ಗೆದ್ದಾಯ್ತಲ್ಲ," ಅಂದೆ. ಅವನಿಗೆ ನನ್ನ ಮೇಲೆ ಕನಿಕರ ಬಂತು. "ಇವತ್ತು ಡ್ರಾ ಆದ್ರೆ ಇಬ್ಬರಿಗೂ ಏಳೇಳು ಪಾಯಿಂಟ್ ಮಾಮ. ಆಮೇಲೆ ಗೋಲ್ ಡಿಫರೆನ್ಸ್ ನೋಡ್ತಾರೆ. ಐದನೇ ಗೋಲು ಸುಮ್ನೆ ಅಲ್ಲ."

ಅವನು ಹೇಳಿದಂತೆಯೇ ಆಯ್ತು. ಪಂದ್ಯ 1-1. ಗುಂಪಿನಲ್ಲಿ ಭಾರತವೇ ಮೊದಲು. ಕೋಚ್ ಬಿಬಿಯಾನೊ ಫರ್ನಾಂಡಿಸ್ ಯಾರು ಅಂತ ನನಗೆ ಗೊತ್ತಾಗಿದ್ದೂ ಅವತ್ತೇ. ಅಳಿಯ ಹಾಲ್ ತುಂಬ ಕುಣಿದ. "ಪಕ್ಷದಲ್ಲಿ ಇದೆಂಥ ಕುಣಿತವೋ," ಅಂತ ಅಮ್ಮ ಬೈದರು.

ಅವನ ಖುಷಿಗೆ ಇನ್ನೊಂದು ಕಾರಣ ಇತ್ತು. ಆ ತಂಡದಲ್ಲಿ ಆಡಬೇಕಾದರೆ 2004ರ ಜನವರಿ 1ಕ್ಕೆ ಅಥವಾ ಅದರ ನಂತರ ಹುಟ್ಟಿರಬೇಕು. ಇವನು ಹುಟ್ಟಿದ್ದು 2004ರ ಮಾರ್ಚ್. "ಅವರೆಲ್ಲ ನನ್ನ ಬ್ಯಾಚು ಮಾಮ," ಅಂತಿದ್ದ. ತಾನು ಅಷ್ಟು ಎತ್ತರದ ಆಟಗಾರ ಅಲ್ಲ ಅಂತ ಅವನಿಗೆ ಗೊತ್ತಿತ್ತು. ಆದರೆ ಮರುವರ್ಷದ ಬೇಸಿಗೆಗೆ ಅವನದೇ ಒಂದು ಸೆಲೆಕ್ಷನ್ ಟ್ರಯಲ್ಸ್ ಇತ್ತು. ಬೆಳಿಗ್ಗೆ ಐದಕ್ಕೆ ಎದ್ದು ಓಡೋದು, ಟ್ಯೂಷನ್, ಮತ್ತೆ ಸಂಜೆ ಓಡೋದು. ಎಸ್ಸೆಸ್ಸೆಲ್ಸಿ ವರ್ಷ ಬೇರೆ.

ಆಮೇಲೆ 2020 ಬಂತು. ಎಸ್ಸೆಸ್ಸೆಲ್ಸಿ ಮುಂದಕ್ಕೆ ಹೋದರೂ ಜೂನ್ ಕೊನೆಗೆ ಮಾಸ್ಕ್ ಹಾಕಿಸಿ ನಡೆಸಿಯೇ ಬಿಟ್ಟರು. ಟ್ರಯಲ್ಸ್ ಮಾತ್ರ ನಡೆಯಲೇ ಇಲ್ಲ. ನಾನು ಫೋನಿನಲ್ಲಿ ದೊಡ್ಡಮನುಷ್ಯನ ಹಾಗೆ, "ಹೋಗ್ಲಿ ಬಿಡೋ, ಮುಂದಿನ ವರ್ಷ ಇದ್ದೇ ಇದೆಯಲ್ಲ," ಅಂದೆ.

"ಮುಂದಿನ ವರ್ಷ ನಾನು ಅಂಡರ್-16 ಇರಲ್ಲ ಮಾಮ."

ಅಷ್ಟೇ ಹೇಳಿ ಇಟ್ಟ.

ಅದೇ ಜೂನ್‌ನಲ್ಲಿ ಏಷ್ಯಾ ಟೂರ್ನಿಯ ಡ್ರಾ ಆಗಿತ್ತು. ದಕ್ಷಿಣ ಕೊರಿಯಾ, ಆಸ್ಟ್ರೇಲಿಯಾ, ಮತ್ತೆ ಅದೇ ಉಜ್ಬೇಕಿಸ್ತಾನದ ಜೊತೆ ನಮ್ಮ ಗುಂಪು. ಬಹ್ರೇನ್‌ನಲ್ಲಿ ಸೆಪ್ಟೆಂಬರ್‌ಗೆ ನಡೆಯಬೇಕಿದ್ದದ್ದು ನವೆಂಬರ್‌ಗೆ ಹೋಯಿತು, ನವೆಂಬರ್‌ನಿಂದ 2021ಕ್ಕೆ ಹೋಯಿತು. ಡಿಸೆಂಬರ್‌ನಲ್ಲಿ ಫಿಫಾ 2021ರ ಅಂಡರ್-17 ವಿಶ್ವಕಪ್ಪನ್ನೇ ರದ್ದು ಮಾಡಿತು. ಜನವರಿಯಲ್ಲಿ ಏಷ್ಯಾ ಟೂರ್ನಿಯೂ ರದ್ದು. ಸುದ್ದಿ ಓದಿದ ಕೂಡಲೇ ಅಳಿಯನ ಮಾತು ನೆನಪಾಯ್ತು. ವಿಶ್ವಕಪ್ಪಿನ ಆತಿಥ್ಯ ಪೆರುವಿಗೆ 2023ಕ್ಕೆ ಅಂತ ಮತ್ತೆ ಕೊಟ್ಟರು. ದೇಶಕ್ಕೆ ಮುಂದಿನ ಸಲ ಅನ್ನೋದು ಇರುತ್ತದೆ. ತಾಷ್ಕೆಂಟ್‌ನಲ್ಲಿ ಐದನೇ ಗೋಲಿಗೂ ಓಡಿದ ಹುಡುಗರಿಗೆ ಇರಲಿಲ್ಲ. ಯಾರಿಗೂ ಸೋಲದೆ ಗುಂಪಿನಲ್ಲಿ ಮೊದಲ ಸ್ಥಾನ ಗಳಿಸಿದವರು ಸುಮ್ಮನೆ ವಯಸ್ಸು ಮೀರಿ ಹೊರಗೆ ಬಿದ್ದರು.

ಆ ವರ್ಷ ನನ್ನ ಆಫೀಸಿನಲ್ಲೂ ಹೈಕ್ ನಿಲ್ಲಿಸಿದ್ದರು. ನಾವೆಲ್ಲ ವಾಟ್ಸಾಪ್ ಗ್ರೂಪಿನಲ್ಲಿ ಲೋಕವೇ ಮುಳುಗಿದ ಹಾಗೆ ಗೋಳಾಡಿದೆವು. ಮುಂದಿನ ಏಪ್ರಿಲ್‌ಗೆ ಬಂತು ನೋಡಿ, ಎರಡು ವರ್ಷದ್ದು ಸೇರಿಸಿ. ನಮ್ಮ ಬದುಕಿನ ಬಹಳಷ್ಟು ಸಂಗತಿಗಳು ಹೀಗೇ, ತಡವಾದರೂ ಸಿಗುತ್ತವೆ. ಫೇಲಾದರೆ ಸಪ್ಲಿಮೆಂಟರಿ, ಕೆಲಸ ಹೋದರೆ ನೋಟಿಸ್ ಪೀರಿಯಡ್, ಸಂಬಂಧ ಮುರಿದರೆ ಇನ್ನೊಂದು ಜಾತಕ. ಹಾಗಾಗಿ "ಮುಂದಿನ ವರ್ಷ" ಅನ್ನೋದು ನಮ್ಮ ಬಾಯಲ್ಲಿ ಅಷ್ಟು ಸಲೀಸಾಗಿ ಬರುತ್ತದೆ. ಹದಿನಾರನೇ ವಯಸ್ಸಿಗೆ ಮಾತ್ರ ಸಪ್ಲಿಮೆಂಟರಿ ಇಲ್ಲ ಅನ್ನೋದನ್ನು ನನಗೆ ಆ ಹುಡುಗನೇ ಹೇಳಬೇಕಾಯ್ತು.

ಅಳಿಯ ಈಗ ಬಿ.ಕಾಂ ಮುಗಿಸಿದ್ದಾನೆ. ಯಾವಾಗಲಾದರೂ ಗೆಳೆಯರ ಜೊತೆ ಟರ್ಫ್‌ಗೆ ಹೋಗ್ತಾನೆ, ಅಷ್ಟೇ. ಆ ಟ್ರಯಲ್ಸ್‌ನಲ್ಲಿ ಆಯ್ಕೆ ಆಗ್ತಿದ್ದನೋ ಇಲ್ಲವೋ, ಆ ಮಾತು ನಾವಿಬ್ಬರೂ ತೆಗೆಯೋದಿಲ್ಲ.

2023ರ ಜೂನ್‌ನಲ್ಲಿ ಟೂರ್ನಿ ಮತ್ತೆ ನಡೆಯಿತು. ಈ ಸಲ ಥಾಯ್ಲೆಂಡ್‌ನಲ್ಲಿ, ಅಂಡರ್-17 ಅನ್ನೋ ಹೊಸ ಹೆಸರಿನಲ್ಲಿ. ಕೋಚ್ ಅದೇ ಬಿಬಿಯಾನೊ, ಹುಡುಗರು ಬೇರೆ. ವಿಯೆಟ್ನಾಂ ಜೊತೆ 1-1, ಉಜ್ಬೇಕಿಸ್ತಾನದ ಎದುರು 0-1. ಕೊನೆಗೆ ಜಪಾನ್ ಎದುರು 4-8ರಲ್ಲಿ ಸೋತು ಮನೆಗೆ ಬಂದರು. "ಎಂಟು ಹೊಡೆಸ್ಕೊಂಡ್ರಲ್ಲೋ, ಪಾಪ," ಅಂದೆ.

ಅಳಿಯ ಫೋನಿನಿಂದ ತಲೆ ಎತ್ತಲಿಲ್ಲ. "ಸೋಲೋದಕ್ಕಾದ್ರೂ ಸಿಕ್ತಲ್ಲ ಮಾಮ."

ನಾನು ಮುಂದಿನ ಸಲದ ಮಾತು ಆಡಲಿಲ್ಲ. ಎದ್ದು ಇಬ್ಬರಿಗೂ ಕಾಫಿ ಮಾಡಿದೆ.